ಊರು ಬದಲಾದರೂ ಸಾಲು ಕೆಡಬಾರದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ಇದು ಸಂತೋಷದ ವಿಷಯ. ಜಮಾ ಖರ್ಚು, ಲಾಭ, ಬೋನಸ್ಸು ಇವೆಲ್ಲವನ್ನೂ ಕಾರ್ಯದರ್ಶಿಗಳು ವರದಿಯಲ್ಲಿ ಓದಿ ಹೇಳಿದ್ದಾರೆ. ಅದನ್ನೇ ನಾನು ಇನ್ನೊಂದು ಸಲ ಹೇಳಿದರೆ ನೀವು ಎದ್ದು ಊಟಕ್ಕೆ ಹೋಗ್ತೀರಿ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಆರು ಹಿಡಿದವನು. ದೊಡ್ಡ ದೊಡ್ಡ ಮಾತು ನನಗೆ ಬರೋದಿಲ್ಲ. ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯ 'ನಮ್ಮ ಊರು, ನಮ್ಮ ಸಂಘ' ಅಂತ. ಇದರ ಬಗ್ಗೆ ನನಗೆ ತಿಳಿದಷ್ಟು ನಾಲ್ಕು ಮಾತು ಹೇಳ್ತೇನೆ. ಸ್ವಲ್ಪ ಸಮಾಧಾನವಾಗಿ ಕೇಳಬೇಕು ಅಂತ ಪ್ರಾರ್ಥನೆ.

ಮೊದಲು ಊರಿನ ಮಾತು. ಕಡಕೊಳ ಅಂದರೆ ಹೊರಗಿನವರಿಗೆ ಮೈಸೂರು–ನಂಜನಗೂಡು ರಸ್ತೆಯಲ್ಲಿ ಬಸ್ಸು ನಿಲ್ಲುವ ಒಂದು ಜಾಗ, ಅಷ್ಟೆ. ಬಂಡೀಪಾಳ್ಯದ ಮಾರುಕಟ್ಟೆ ದಾಟಿ, ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ನಾವು. ಇನ್ನೂ ಮುಂದೆ ಹೋದರೆ ತಾಂಡವಪುರ, ಆಮೇಲೆ ನಂಜುಂಡೇಶ್ವರನ ಸನ್ನಿಧಿ. 1891ರಲ್ಲೇ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿತ್ತು. ನಂಜನಗೂಡಿನಲ್ಲಿ ದಳವಾಯಿಗಳು 1735ರಲ್ಲಿ ಕಪಿಲಾ ನದಿಗೆ ಕಟ್ಟಿಸಿದ ಕಲ್ಲು ಸೇತುವೆಯ ಮೇಲೇ ರೈಲೂ ಹೋಗುತ್ತಿತ್ತು, ಎತ್ತಿನ ಗಾಡಿಯೂ ಹೋಗುತ್ತಿತ್ತು. ದೊಡ್ಡ ಜಾತ್ರೆಗೆ ನಡೆದು ಹೋಗುವವರು ನಮ್ಮ ಊರಿನಲ್ಲಿ ನೀರು ಕುಡಿದು ಹೋಗುತ್ತಿದ್ದರು. ಹೀಗಾಗಿ ನಮ್ಮದು ದಾರಿಯ ಮೇಲಿನ ಊರು. ದಾರಿಯ ಮೇಲಿನ ಊರಿಗೆ ಒಳ್ಳೆಯದೂ ಬೇಗ ಬರುತ್ತದೆ, ಕಷ್ಟವೂ ಬೇಗ ಬರುತ್ತದೆ.

ಏನೇನು ಬಂತು ಅಂತ ನಿಮಗೆಲ್ಲ ಗೊತ್ತಿದೆ. ಕೈಗಾರಿಕಾ ಪ್ರದೇಶ ಬಂತು. ಮೀಟರ್ ಗೇಜ್ ಹೋಗಿ ದೊಡ್ಡ ರೈಲು ಬಂತು. 2010ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕಂಟೇನರ್ ಲಾರಿಗಳು ಬಂದವು. ಬಡಾವಣೆಯವರು ಹುರುಳಿ, ಅವರೆ ಬೆಳೆಯುತ್ತಿದ್ದ ಹೊಲಕ್ಕೆ ಕಲ್ಲು ನೆಟ್ಟು ನಂಬರು ಬರೆದರು. ಇದರಿಂದ ಎಷ್ಟೋ ಮನೆಯ ಮಕ್ಕಳಿಗೆ ಕೆಲಸ ಸಿಕ್ಕಿದೆ, ತಿಂಗಳ ಸಂಬಳ ಬರುತ್ತಿದೆ. ಇದನ್ನು ನಾನು ಕೆಟ್ಟದ್ದು ಅಂತ ಹೇಳುವವನಲ್ಲ. ನಮ್ಮ ಮಕ್ಕಳು ನಮ್ಮ ಹಾಗೆ ಮಳೆಗೆ ಬಾಯಿ ಬಿಟ್ಟುಕೊಂಡು ಕೂರಬೇಕು ಅಂತ ಯಾವ ತಂದೆ ತಾಯಿಯೂ ಆಸೆಪಡೋದಿಲ್ಲ.

ಆದರೆ ಇನ್ನೊಂದು ಬದಲಾವಣೆ ಆಯಿತು. ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 2020ರಲ್ಲಿ ಸರ್ಕಾರ ಹೂಟಗಳ್ಳಿಯನ್ನು ನಗರಸಭೆ ಮಾಡಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಈ ನಾಲ್ಕನ್ನೂ ಪಟ್ಟಣ ಪಂಚಾಯಿತಿ ಮಾಡಿತು. ಅಂದರೆ ಕಾಗದದ ಮೇಲೆ ನಾವು ಈಗ ಹಳ್ಳಿಯವರಲ್ಲ. ಈಗ ಬೃಹತ್ ಮೈಸೂರು ಅನ್ನುವ ಮಾತೂ ಕೇಳುತ್ತಿದ್ದೇವೆ. ಪಟ್ಟಣ ಆದರೆ ದೀಪ, ಚರಂಡಿ, ರಸ್ತೆಗೆ ಹೆಚ್ಚು ಹಣ ಬರಬಹುದು, ಬರಲಿ. ಆದರೆ ಹೋದದ್ದು ಏನು ಅಂತಲೂ ಲೆಕ್ಕ ಹಾಕಬೇಕಲ್ಲ? ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಹಳ್ಳಿಗೆ ಮಾತ್ರ, ಅದು ಹೋಯಿತು. ಅದಕ್ಕಿಂತ ದೊಡ್ಡದಾಗಿ ಹೋದದ್ದು ಗ್ರಾಮಸಭೆ.

ಗ್ರಾಮ ಪಂಚಾಯಿತಿ ಇದ್ದಾಗ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಕರೆಯಬೇಕಾಗಿತ್ತು. ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಯಾರು ಬೇಕಾದರೂ ಎದ್ದು ನಿಂತು, 'ಈ ಮನೆ ಯಾರಿಗೆ ಕೊಟ್ರಿ, ಯಾಕೆ ಕೊಟ್ರಿ' ಅಂತ ಕೇಳಬಹುದಾಗಿತ್ತು. ನಾವು ಸಭೆಗೆ ಸರಿಯಾಗಿ ಹೋಗುತ್ತಿದ್ದೆವೋ ಇಲ್ಲವೋ, ಆ ಮಾತು ಬೇರೆ. ಕೇಳುವ ಹಕ್ಕು ಅಂತೂ ಇತ್ತು. ಪಟ್ಟಣ ಪಂಚಾಯಿತಿಯಲ್ಲಿ ಗ್ರಾಮಸಭೆ ಇಲ್ಲ. ವಾರ್ಡಿಗೆ ಒಬ್ಬ ಸದಸ್ಯರು ಇರುತ್ತಾರೆ, ಅವರು ಹೋಗಿ ಮಾತಾಡಬೇಕು. ಊರಿನ ಜನರೆಲ್ಲ ಒಂದು ಕಡೆ ಕೂತು ಲೆಕ್ಕ ಕೇಳುವ ಜಾಗ ಕಾನೂನಿನಲ್ಲಿ ಇಲ್ಲ.

ಹಾಗಾದರೆ ಅಂಥ ಜಾಗ ಈಗ ಎಲ್ಲಿ ಉಳಿದಿದೆ? ನಮ್ಮ ಈ ಸಂಘದಲ್ಲಿ ಉಳಿದಿದೆ. ವರ್ಷಕ್ಕೊಂದು ಸಲ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಸಾಮಾನ್ಯ ಸಭೆಯಲ್ಲಿ ಉಳಿದಿದೆ. ಹತ್ತು ಹಸು ಕಟ್ಟಿದವರಿಗೂ ಒಂದೇ ಓಟು, ಒಂದು ಹಸು ಕಟ್ಟಿದವರಿಗೂ ಒಂದೇ ಓಟು. ಇವತ್ತು ನಾನು ಹೇಳಬೇಕು ಅಂತ ಬಂದಿರುವ ಮುಖ್ಯವಾದ ಮಾತು ಇದೇ. ಸಂಘ ಅಂದರೆ ಹಾಲು ಅಳೆಯುವ ಕಟ್ಟಡ ಮಾತ್ರ ಅಲ್ಲ. ನಮ್ಮ ಊರು ಊರಾಗಿ ಸೇರುವ ಕೊನೆಯ ಜಾಗ ಇದು.

ಹಿಂದೆ ಊರು ಹೇಗೆ ಸೇರುತ್ತಿತ್ತು ಅಂತ ಸ್ವಲ್ಪ ನೆನೆಸಿಕೊಳ್ಳೋಣ. ಇಲ್ಲಿ ಕೂತಿರುವ ಹಿರಿಯರಿಗೆ ಮುಯ್ಯಾಳು ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಹುಡುಗರಿಗೆ ಹೇಳ್ತೇನೆ. ಇವತ್ತು ನಮ್ಮ ಹೊಲದ ರಾಗಿ ಕೊಯ್ಲಿಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳಿದ್ದು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು ಬರಬೇಕು. ದುಡ್ಡಿನ ಮಾತು ಇಲ್ಲ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಹೊಲದವರದ್ದು. ಕಳೆ ಕೀಳೋದು, ಕಣ ಮಾಡೋದು, ಹೆಂಚು ಕೈಯಾಡಿಸೋದು, ಮದುವೆಗೆ ಹಸಿರು ಚಪ್ಪರ ಹಾಕೋದು ಎಲ್ಲ ಹೀಗೇ ನಡೆಯುತ್ತಿತ್ತು. ಯಾರು ಯಾರಿಗೆ ಎಷ್ಟು ಆಳು ಬಾಕಿ ಅಂತ ಬರೆದಿಡುವವರು ಯಾರೂ ಇರಲಿಲ್ಲ. ಹೆಂಗಸರ ಬಾಯಲ್ಲಿ ಲೆಕ್ಕ ಇರುತ್ತಿತ್ತು. ಬಾಕಿ ಉಳಿಸಿಕೊಂಡವನ ಮನೆ ಮುಂದೆ ಯಾರೂ ಜಗಳ ಮಾಡುತ್ತಿರಲಿಲ್ಲ, ಮುಂದಿನ ವರ್ಷ ಅವನ ಹೊಲಕ್ಕೆ ಹೋಗುತ್ತಿರಲಿಲ್ಲ ಅಷ್ಟೆ.

ಸಂಕ್ರಾಂತಿಗೆ ಎತ್ತು ದನಗಳಿಗೆ ಕೊಂಬು ಬಣ್ಣ ಬಳಿದು ಕಿಚ್ಚು ಹಾಯಿಸುವಾಗ ಊರಿಗೆ ಊರೇ ಸೇರುತ್ತಿತ್ತು. ಮಾರಿಹಬ್ಬ ಬಂದರೆ ಮನೆಗಿಷ್ಟು ಅಂತ ವರಿ ಎತ್ತುತ್ತಿದ್ದರು. ರಾಮಮಂದಿರದಲ್ಲಿ ಶನಿವಾರ ಭಜನೆ. ಯಾರಾದರೂ ತೀರಿಕೊಂಡರೆ ಸೌದೆ ತರುವವರು, ಗುಂಡಿ ತೋಡುವವರು ಕರೆಯದೆ ಬರುತ್ತಿದ್ದರು. ಇವೆಲ್ಲ ನನ್ನ ಕಣ್ಣಾರೆ ಕಂಡದ್ದು. ಈಗಲೂ ಸ್ವಲ್ಪ ಸ್ವಲ್ಪ ಇವೆ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆದುಕೊಳ್ಳುತ್ತಾರಲ್ಲ, ಆ ಹಳೇ ಮುಯ್ಯಿಯಲ್ಲಿ ಉಳಿದಿರುವ ತುಂಡು ಅದು.

ಆದರೆ ಬಂಧುಗಳೇ, ಹಳೇ ಊರನ್ನು ಹೊಗಳುವಾಗ ಅರ್ಧ ಸತ್ಯ ಹೇಳಬಾರದು. ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಅನ್ನುವ ದೊಡ್ಡ ವಿದ್ವಾಂಸರು 1948ರಲ್ಲಿ ನಮ್ಮ ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸವಿದ್ದು, ಊರಿನ ಬಾಳನ್ನು ನೋಡಿ ಬರೆದುಕೊಂಡರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಗೆ ಬಂತು. ಪುಸ್ತಕದಲ್ಲಿ ಊರಿಗೆ ರಾಂಪುರ ಅಂತ ಹೆಸರಿಟ್ಟಿದ್ದಾರೆ. ಅದರಲ್ಲಿ ಒಕ್ಕಲುತನದ ಸೊಗಸೂ ಇದೆ, ಜೀತವೂ ಇದೆ, ಜಾತಿ ಜಾತಿಗೆ ಕಟ್ಟಿದ ಗೋಡೆಯೂ ಇದೆ. ನಮ್ಮ ಊರುಗಳೂ ಬೇರೆಯಾಗಿರಲಿಲ್ಲ. ಮುಯ್ಯಾಳು ಅಂದೆನಲ್ಲ, ಅದು ಜಮೀನು ಇದ್ದವರ ನಡುವೆ ಮಾತ್ರ. ಜಮೀನು ಇಲ್ಲದವನು ಮುಯ್ಯಿ ತೀರಿಸುವುದು ಯಾವ ಹೊಲದಲ್ಲಿ? ಅವನು ಕೂಲಿ, ಇಲ್ಲವೇ ಜೀತ. ಬಾವಿ ಬೇರೆ, ಬೀದಿ ಬೇರೆ, ಪಂಕ್ತಿ ಬೇರೆ. ಯಜಮಾನರ ಚಾವಡಿಯಲ್ಲಿ ಹೆಂಗಸರ ಮಾತಿಗೆ ಜಾಗವೇ ಇರಲಿಲ್ಲ.

ಈಗ ನಮ್ಮ ಸಂಘದ ಬಾಗಿಲಿಗೆ ಬನ್ನಿ. ಬೆಳಗ್ಗೆ ಆರು ಗಂಟೆ. ಕ್ಯಾನು, ಬಿಂದಿಗೆ, ಉಗ್ಗ ಹಿಡಿದು ಜನ ಸಾಲಾಗಿ ನಿಂತಿರುತ್ತಾರೆ. ಮುಂದೆ ಬಂದವರು ಮುಂದೆ, ಹಿಂದೆ ಬಂದವರು ಹಿಂದೆ. ಮೇಲಿನ ಬೀದಿಯವರ ಹಾಲು, ಕೆಳಗಿನ ಬೀದಿಯವರ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಯಂತ್ರ ಕೊಬ್ಬಿನ ಅಂಶ ನೋಡುತ್ತದೆ, ಜಾತಿ ನೋಡೋದಿಲ್ಲ. ಕೊಬ್ಬು ಕಡಿಮೆ ಬಂದರೆ ಯಜಮಾನರಿಗೂ ಕಡಿಮೆ ದರ, ಆಳಿಗೂ ಕಡಿಮೆ ದರ. ಇದು ನಮಗೆ ಈಗ ಸಾಮಾನ್ಯ ಅನ್ನಿಸಬಹುದು. ನಮ್ಮ ಅಜ್ಜಂದಿರ ಕಾಲದಲ್ಲಿ ಇದನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ. ಹಳೇ ಊರು ನೂರಾರು ವರ್ಷದಲ್ಲಿ ಮಾಡದೆ ಇದ್ದ ಕೆಲಸವನ್ನು ಈ ಸಾಲು ಮಾಡಿದೆ. ಹಳೇ ಮುಯ್ಯಿಯ ಒಳ್ಳೇತನ ಉಳಿಸಿಕೊಂಡು, ಅದರ ಗೋಡೆ ತೆಗೆದು, ಲೆಕ್ಕವನ್ನು ಬಾಯಿಂದ ಪುಸ್ತಕಕ್ಕೆ ತಂದರೆ ಆಗುವುದೇ ಸಹಕಾರ ಸಂಘ ಅಂತ ನನ್ನ ತಿಳುವಳಿಕೆ.

ಈ ದಾರಿಯನ್ನು ಮೊದಲು ತುಳಿದವರೂ ನಮ್ಮ ಕನ್ನಡ ನಾಡಿನ ಹಳ್ಳಿಯವರೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಹಾಲಿನ ವಿಚಾರಕ್ಕೆ ಬಂದರೆ, ರಾಜ್ಯದ ಮೊದಲ ಹಾಲು ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದೇ ಹಾಲು ಮಹಾಮಂಡಳಿ ಆಯಿತು. ಅಂಥ ಸಣ್ಣ ಸಣ್ಣ ಸಾಲುಗಳೆಲ್ಲ ಸೇರಿ 2024ರ ಜೂನ್ ತಿಂಗಳಲ್ಲಿ ಮಹಾಮಂಡಳಿಗೆ ದಿನಕ್ಕೆ 1 ಕೋಟಿ ಲೀಟರು ಹಾಲು ಬಂತು. ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಬರೀ ಗಾದೆ ಅಲ್ಲ.

ಈಗ ನಿಮ್ಮನ್ನು ಸ್ವಲ್ಪ ದೂರದ ದೇಶಕ್ಕೆ ಕರೆದುಕೊಂಡು ಹೋಗ್ತೇನೆ. ಹೊಲಮನೆ ಬಿಟ್ಟು ಇವನು ಎಲ್ಲಿಗೆ ಹೋದ ಅನ್ನಬೇಡಿ. ನಮಗೆ ಮುಂದೆ ಬರುವುದು ಅವರಿಗೆ ಆಗಲೇ ಬಂದು ಹೋಗಿದೆ, ಅದಕ್ಕೇ ಹೇಳೋದು. ಆ ದೇಶ ಐರ್ಲೆಂಡು. ನಮ್ಮ ಹಾಗೇ ಇಂಗ್ಲಿಷರ ಕೈಕೆಳಗಿದ್ದ ದೇಶ. 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್ ಕಸಿನ್ಸ್ ಅನ್ನುವ ಕವಿ ಆ ದೇಶದವರು. ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ನಮ್ಮ ಕುವೆಂಪು ಅವರಿಗೆ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಅಂತ ಬುದ್ಧಿ ಹೇಳಿದವರು. ಅಷ್ಟರ ಮಟ್ಟಿಗೆ ಕನ್ನಡದವರಿಗೆ ಆ ದೇಶದ ಋಣ ಇದೆ.

ಅಲ್ಲಿನ ಲಿಮರಿಕ್ ಜಿಲ್ಲೆಯಲ್ಲಿ ಡ್ರಮ್‌ಕಾಲಹರ್ ಅಂತ ಒಂದು ಸಣ್ಣ ಊರು. ಸುತ್ತ ಹುಲ್ಲುಗಾವಲು, ಹಸು, ಮಳೆ. ಅವರಲ್ಲೂ ನಮ್ಮ ಮುಯ್ಯಾಳಿನಂಥ ಪದ್ಧತಿ ಇತ್ತು. ಅದಕ್ಕೆ ಅವರು ಮೆಹಲ್ ಅಂತಾರೆ. ಹುಲ್ಲು ಕೊಯ್ಯೋದಕ್ಕೆ, ಆಲೂಗಡ್ಡೆ ಕೀಳೋದಕ್ಕೆ ನೆರೆಹೊರೆಯವರು ಒಬ್ಬರ ಹೊಲಕ್ಕೆ ಒಬ್ಬರು ಸೇರುವುದು. ಅಲ್ಲಿನ ರೈತರು ಮನೆಯಲ್ಲಿ ಬೆಣ್ಣೆ ಕಡೆದು ಇಂಗ್ಲೆಂಡಿಗೆ ಮಾರುತ್ತಿದ್ದರು. ಡೆನ್ಮಾರ್ಕಿನವರು ಯಂತ್ರದಲ್ಲಿ ಒಂದೇ ರೀತಿಯ ಒಳ್ಳೆ ಬೆಣ್ಣೆ ತಂದಾಗ ಇವರ ಬೆಣ್ಣೆ ಕೇಳುವವರಿಲ್ಲದೆ ಹೋಯಿತು. ಆಗ ಹೊರೇಸ್ ಪ್ಲಂಕೆಟ್ ಅನ್ನುವವರು ಊರೂರು ತಿರುಗಿ ಹತ್ತಾರು ಸಭೆ ಮಾಡಿ, ರೈತರೇ ಸೇರಿ ಕ್ರೀಮರಿ ಕಟ್ಟಿ ಅಂದರು. ಕ್ರೀಮರಿ ಅಂದರೆ ಹಾಲು ತಂದು ಸುರಿದು ಕೆನೆ ತೆಗೆದು ಬೆಣ್ಣೆ ಮಾಡುವ ಜಾಗ. ಆ ದೇಶದ ಮೊದಲ ಸಹಕಾರಿ ಕ್ರೀಮರಿ 1889ರಲ್ಲಿ ಇದೇ ಡ್ರಮ್‌ಕಾಲಹರಿನಲ್ಲಿ ಆಯಿತು. ಒಳ್ಳೆ ಬೇಸಾಯ, ಒಳ್ಳೆ ವ್ಯಾಪಾರ, ಒಳ್ಳೆ ಬಾಳು ಈ ಮೂರೂ ಕೂಡಿ ಬರಬೇಕು ಅನ್ನೋದು ಪ್ಲಂಕೆಟರ ಮಾತು.

ಕ್ರೀಮರಿ ಬಂದ ಮೇಲೆ ಆ ಊರುಗಳ ಬಾಳು ಹೇಗಾಯಿತು ಅಂದರೆ, ಬೆಳಗ್ಗೆ ಕತ್ತೆ ಗಾಡಿ, ಕುದುರೆ ಗಾಡಿಯಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಬಂದು ಸಾಲು ನಿಲ್ಲೋರು. ಕೆನೆ ತೆಗೆದ ಹಾಲನ್ನು ಕರುವಿಗೆ, ಹಂದಿಗೆ ಅಂತ ವಾಪಸು ಒಯ್ಯೋರು. ಸರದಿ ಬರುವ ತನಕ ಮಳೆ, ಬೆಲೆ, ಸಾವು, ಮದುವೆ, ರಾಜಕೀಯ ಎಲ್ಲ ಅಲ್ಲೇ ಮಾತು. ಊರಿನ ಸುದ್ದಿ ಹಾಲಿನ ಜೊತೆ ಬಂದು ಹಾಲಿನ ಜೊತೆ ಹೋಗೋದು. 1920–21ರಲ್ಲಿ ಅವರ ಸ್ವಾತಂತ್ರ್ಯ ಹೋರಾಟ ಜೋರಾದಾಗ ಬ್ರಿಟಿಷ್ ಪಡೆಯವರು ಸೇಡು ತೀರಿಸಿಕೊಳ್ಳಲು ಎಷ್ಟೋ ಊರುಗಳ ಕ್ರೀಮರಿಗೆ ಬೆಂಕಿ ಇಟ್ಟರು. ಊರಿನ ಬೆನ್ನುಮೂಳೆ ಎಲ್ಲಿದೆ ಅಂತ ಶತ್ರುವಿಗೂ ಗೊತ್ತಿತ್ತು ಅಂತಾಯಿತು.

ಬೆಂಕಿ ಇಟ್ಟರೂ ಅವರು ಮತ್ತೆ ಕಟ್ಟಿದರು. ಆದರೆ ಆಮೇಲೆ ಬಂದದ್ದು ಬೆಂಕಿಯಲ್ಲ, ಅನುಕೂಲ. ರೈತರ ಮನೆ ಬಾಗಿಲಿಗೇ ತಂಪು ಮಾಡುವ ತೊಟ್ಟಿ, ಟ್ಯಾಂಕರ್ ಲಾರಿ ಬಂದವು. ಸಣ್ಣ ಸಣ್ಣ ಸಂಘಗಳು ದೊಡ್ಡ ಸಂಘದಲ್ಲಿ ಸೇರಿಹೋದವು. ಊರಿನ ಕ್ರೀಮರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಲು ಕಡಿಮೆ ಆಗಲಿಲ್ಲ, ಹೆಚ್ಚೇ ಆಯಿತು. ಐರ್ಲೆಂಡಿನ ಬೆಣ್ಣೆ ಇವತ್ತಿಗೂ ಪ್ರಪಂಚದಲ್ಲೆಲ್ಲ ಮಾರಾಟವಾಗುತ್ತಿದೆ. ಆದರೆ ಜನ ಬೆಳಗ್ಗೆ ಸೇರೋದು ನಿಂತುಹೋಯಿತು. ಡ್ರಮ್‌ಕಾಲಹರಿನ ಕ್ರೀಮರಿಯನ್ನು ಈಗ ಸಂಗ್ರಹಾಲಯ ಮಾಡಿ ಹಳೇ ಸಾಮಾನು ತೋರಿಸುತ್ತಾರೆ. ಇದರಿಂದ ನಾವು ತಿಳಿಯಬೇಕಾದ್ದು ಏನು? ಹಾಲು ಉಳಿದರೆ ಸಂಘ ಉಳಿದಂತೆ, ಸಂಘ ಉಳಿದರೆ ಊರು ಉಳಿದಂತೆ ಅಂತ ಸುಮ್ಮನೆ ನಂಬಿಕೊಂಡು ಕೂರಬಾರದು. ಹಾಲು ಇದ್ದೂ ಸಾಲು ಹೋಗಬಹುದು.

ನಮ್ಮಲ್ಲೂ ಅದರ ಸೂಚನೆ ಇದೆ. ಮೊದಲು ಬಟವಾಡೆ ದಿನ ಅಂದರೆ ಸಂಘದ ಮುಂದೆ ಸಣ್ಣ ಸಂತೆ. ದುಡ್ಡು ಎಣಿಸಿಕೊಂಡು, ಕಡ್ಲೆಪುರಿ ಕೊಂಡು, ಹಳೇ ಸಾಲ ತೀರಿಸಿ, ಕಾರ್ಯದರ್ಶಿಯ ಹತ್ತಿರ ಜಗಳ ಆಡಿ ಮನೆಗೆ ಹೋಗುತ್ತಿದ್ದೆವು. ಈಗ ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಮೊಬೈಲಿಗೆ ಸುದ್ದಿ ಬರುತ್ತದೆ. ಇದು ಒಳ್ಳೆಯದೇ, ಮೋಸಕ್ಕೆ ಜಾಗ ಇಲ್ಲ. ಆದರೆ ಆ ಒಂದು ದಿನದ ಕೂಟ ಹೋಯಿತು. ಜಮೀನು ಹೋದವರು ಹುಲ್ಲಿಲ್ಲದೆ ಹಸು ಮಾರಿದರು. ಹಸು ಮಾರಿದ ಮೇಲೆ ಹಾಲಿಲ್ಲ, ಹಾಲಿಲ್ಲದ ಮೇಲೆ ಸಂಘಕ್ಕೆ ಬರುವ ಕೆಲಸ ಇಲ್ಲ. ಪರಿಹಾರದ ದುಡ್ಡಿನಲ್ಲಿ ಮನೆ ಕಟ್ಟಿಸಿದವರಿಗೆ ಮನೆ ಉಳಿದಿದೆ, ಕಾರು ಕೊಂಡವರಿಗೆ ಕಂತು ಉಳಿದಿದೆ. ನಂಜನಗೂಡಿನ ರಸಬಾಳೆ ಹೆಸರು ಇಡೀ ದೇಶಕ್ಕೇ ಗೊತ್ತು. ಸೊರಗು ರೋಗ ಬಿದ್ದು ಈಗ ಹಣ್ಣೇ ಅಪರೂಪ. ಕಡಕೊಳ ಅನ್ನುವ ಹೆಸರೂ ಹಾಗೆ ಆಗಬಾರದು. ಬೋರ್ಡಿನ ಮೇಲೆ ಹೆಸರಿದ್ದು, ಕೆಳಗೆ ಊರೇ ಇಲ್ಲ ಅನ್ನುವಂತೆ ಆಗಬಾರದು.

ಸಾಲಿನ ಬೆಲೆ ನಮಗೆ ಚೆನ್ನಾಗಿ ಗೊತ್ತಾದದ್ದು 2020ರ ಕೊರೊನಾ ಕಾಲದಲ್ಲಿ. ನಂಜನಗೂಡಿನ ಕಡೆ ಸೋಂಕು ಕಾಣಿಸಿಕೊಂಡು ನಮ್ಮ ರಸ್ತೆಯೆಲ್ಲ ಬಿಕೋ ಅನ್ನುತ್ತಿತ್ತು. ಬಸ್ಸಿಲ್ಲ, ರೈಲಿಲ್ಲ, ಕಾರ್ಖಾನೆ ಇಲ್ಲ. ಹೊಲದಲ್ಲಿ ತರಕಾರಿ ಕೊಳೆಯಿತು. ಆದರೆ ಹಾಲಿನ ಲಾರಿ ಬಂತು. ಸುಣ್ಣದಲ್ಲಿ ಗುಂಡು ಬರೆದು ಅದರೊಳಗೆ ನಿಂತು ಹಾಲು ಹಾಕಿದೆವು. ಯಾರಾದರೂ ಎರಡು ದಿನ ಸಾಲಿಗೆ ಬರದಿದ್ದರೆ, ಏನಾಯಿತೋ ಅಂತ ಹೋಗಿ ನೋಡುವವರು ಇದ್ದರು. 2022ರಲ್ಲಿ ಹಸುಗಳಿಗೆ ಚರ್ಮಗಂಟು ರೋಗ ಬಂದಾಗಲೂ ಯಾರ ಕೊಟ್ಟಿಗೆಗೆ ಬಂದಿದೆ, ಏನು ಔಷಧಿ, ಲಸಿಕೆ ಯಾವತ್ತು ಅನ್ನುವ ಸುದ್ದಿ ಓಡಾಡಿದ್ದು ಇದೇ ಸಾಲಿನಲ್ಲಿ. ಟಿ.ವಿ.ಯಲ್ಲಿ ದೇಶದ ಸುದ್ದಿ ಬರುತ್ತದೆ. ಪಕ್ಕದ ಮನೆಯ ಸುದ್ದಿ ಸಾಲಿನಲ್ಲೇ ಬರಬೇಕು.

ಹಾಗಾದರೆ ಮುಂದೆ ಏನು ಮಾಡಬೇಕು? ಬರೀ ಮಾತಾಡಿ ಕೂತರೆ ಆಗೋದಿಲ್ಲ. ನನಗೆ ತೋಚಿದ ನಾಲ್ಕು ವಿಷಯ ಈ ಸಭೆಯ ಮುಂದೆ ಇಡ್ತೇನೆ. ಸರಿ ಕಂಡರೆ ಒಪ್ಪಿ, ಇಲ್ಲಾಂದ್ರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಬೈಯಿರಿ.

ಮೊದಲನೆಯದು ತಾಯಂದಿರ ವಿಚಾರ. ಹುಲ್ಲು ಕುಯ್ಯುವವರು ಯಾರು? ಸಗಣಿ ಬಾಚುವವರು ಯಾರು? ಹಾಲು ಕರೆಯುವವರು ಯಾರು? ಹೆಂಗಸರು. ಷೇರು ಯಾರ ಹೆಸರಿನಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಗಂಡಸಿನ ಹೆಸರಿನಲ್ಲಿ. ಐರ್ಲೆಂಡಿನ ಮಾತು ಇಲ್ಲೂ ಕೇಳಿ. ಕ್ರೀಮರಿ ಬರುವ ಮೊದಲು ಬೆಣ್ಣೆ ಕಡೆಯೋದು ಹೆಂಗಸರ ಕೆಲಸ, ಬೆಣ್ಣೆಯ ದುಡ್ಡು ಅವರ ಕೈಯಲ್ಲಿ ಓಡಾಡುತ್ತಿತ್ತು. ಕ್ರೀಮರಿ ಬಂದ ಮೇಲೆ ಹಾಲು ಗಂಡಸಿನ ಗಾಡಿಯಲ್ಲಿ ಹೋಯಿತು, ದುಡ್ಡು ಗಂಡಸಿನ ಜೇಬಿಗೆ ಬಂತು. ಸಂಘ ಬೆಳೆಯಿತು, ಹೆಂಗಸಿನ ಕೈ ಬರಿದಾಯಿತು. ನಾವು ಆ ದಾರಿ ಹಿಡಿಯಬಾರದು. ಹಾಲು ಕರೆಯುವ ಕೈಯ ಹೆಸರಿನಲ್ಲೇ ಸದಸ್ಯತ್ವ ಇರಲಿ, ಅವರ ಖಾತೆಗೇ ಹಣ ಬೀಳಲಿ. ಸಾಮಾನ್ಯ ಸಭೆಯಲ್ಲಿ ಅವರು ಹಿಂದೆ ಕೂರದೆ ಮುಂದೆ ಕೂರಲಿ.

ಎರಡನೆಯದು ಮೇವು. ಹೊಲ ಇಲ್ಲದವರು ಹಸು ಸಾಕಬೇಕು ಅಂದರೆ ಮೇವು ಕೊಂಡು ಹಾಕಬೇಕು. ಒಬ್ಬೊಬ್ಬರೇ ಹೋಗಿ ಒಂದೊಂದು ಹೊರೆ ಹುಲ್ಲು ತಂದರೆ ಗಿಟ್ಟೋದಿಲ್ಲ. ಜೋಳದ ಮೇವನ್ನು ಸಂಘದಿಂದಲೇ ಲೋಡುಗಟ್ಟಲೆ ತರಿಸಿ, ರಸಮೇವು ಮಾಡಿಟ್ಟು, ತೂಕಕ್ಕೆ ಕೊಟ್ಟು, ಹಾಲಿನ ಹಣದಲ್ಲಿ ಹಿಡಿದುಕೊಳ್ಳಬಹುದು. ಎರಡು ಹಸುವಿಗೆ ಒಂದು ಸಣ್ಣ ಕೊಟ್ಟಿಗೆ ಸಾಕು, ಒಂದು ಎಕರೆ ಜಮೀನೇ ಬೇಕು ಅಂತಿಲ್ಲ. ಜಮೀನು ಹೋಯಿತು ಅಂತ ಸದಸ್ಯತ್ವವೂ ಹೋಗಬಾರದು. ಹಿಂದಿನ ಮುಯ್ಯಾಳು ಪದ್ಧತಿಯಿಂದ ಜಮೀನಿಲ್ಲದವನು ಹೊರಗೆ ಉಳಿದಿದ್ದ. ನಮ್ಮ ಸಂಘದಿಂದ ಅವನು ಹೊರಗೆ ಉಳಿಯಬಾರದು.

ಮೂರನೆಯದು ಹೊಸಬರು. ನಮ್ಮ ಊರಿನಲ್ಲಿ ಈಗ ಬಡಾವಣೆಯ ಮನೆಯವರು ಇದ್ದಾರೆ, ಉತ್ತರ ಕರ್ನಾಟಕದಿಂದ ಬಂದವರು, ಬಿಹಾರ ಒಡಿಶಾ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು ಇದ್ದಾರೆ. ಅವರಿಗೆ ನಾವು ಯಾರೋ, ನಮಗೆ ಅವರು ಯಾರೋ. ಒಂದೇ ಬೀದಿಯಲ್ಲಿ ಇದ್ದು ಹೆಸರು ಗೊತ್ತಿಲ್ಲ. ಸಂಘದಲ್ಲಿ ಸ್ಥಳೀಯ ಮಾರಾಟಕ್ಕೆ ಅವಕಾಶ ಇದೆ. ಬೆಳಗ್ಗೆ ಹಾಲು ಹಾಕುವ ಸಾಲಿನ ಪಕ್ಕದಲ್ಲೇ ಹಾಲು ಕೊಳ್ಳುವವರ ಸಾಲೂ ನಿಲ್ಲಲಿ. ಈಗ ತಾನೇ ಕರೆದ ಹಾಲು ಯಾರಿಗೆ ಬೇಡ? ಅವರು ಪಾತ್ರೆ ಹಿಡಿದು ಬಂದರೆ ನಾಲ್ಕು ದಿನಕ್ಕೆ ಮುಖ ಪರಿಚಯ, ನಾಲ್ಕು ತಿಂಗಳಿಗೆ ಹೆಸರು ಪರಿಚಯ ಆಗುತ್ತದೆ. ಊರು ಅನ್ನುವುದು ಹುಟ್ಟಿದವರ ಪಟ್ಟಿ ಮಾತ್ರ ಅಲ್ಲ. ಜೊತೆಯಲ್ಲಿ ನಿಂತವರೆಲ್ಲ ಊರಿನವರೇ.

ನಾಲ್ಕನೆಯದು ಸಾಮಾನ್ಯ ಸಭೆ. ಇದು ಬಹಳ ಮುಖ್ಯ. ಸಭೆ ದಿನ ಸಹಿ ಹಾಕಿ, ಸಿಹಿ ಪೊಟ್ಟಣ ತೆಗೆದುಕೊಂಡು, ಬೈಕ್ ಹತ್ತಿ ಹೋಗುವವರನ್ನು ನಾನು ನೋಡಿದ್ದೇನೆ. ಯಾರ ಹೆಸರನ್ನೂ ಹೇಳೋದಿಲ್ಲ, ನಗುತ್ತಿರುವವರಿಗೆ ಗೊತ್ತು. ಗ್ರಾಮಸಭೆ ಹೋದ ಮೇಲೆ ನಾವು ಕೂತು ಲೆಕ್ಕ ಕೇಳುವುದಕ್ಕೆ ಉಳಿದಿರುವುದು ಈ ಒಂದು ಸಭೆ. ನಿರ್ದೇಶಕರನ್ನು ಪ್ರಶ್ನೆ ಕೇಳಿ. ನಮ್ಮನ್ನೂ ಕೇಳಿ. ಪ್ರಶ್ನೆ ಕೇಳುವವರಿಲ್ಲದ ಸಂಘಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಚುನಾವಣೆ ಬಂದಾಗ ಆ ಪಾರ್ಟಿ ಈ ಪಾರ್ಟಿ ಅಂತ ಮನೆ ಮನೆ ಒಡೆಯೋದು, ಮುಗಿದ ಮೇಲೂ ಒಬ್ಬರ ಮದುವೆಗೆ ಒಬ್ಬರು ಹೋಗದೆ ಇರೋದು, ಇದೂ ನಮ್ಮಲ್ಲಿ ಇದೆ. ಚುನಾವಣೆ ಒಂದು ದಿನದ್ದು, ಸಾಲು ದಿನಾ ಇರೋದು. ಓಟು ಯಾರಿಗಾದರೂ ಹಾಕಿ, ಮಾರನೇ ದಿನ ಬೆಳಗ್ಗೆ ಅದೇ ಸಾಲಿನಲ್ಲಿ ನಿಲ್ಲಿ.

ಇನ್ನೊಂದು ಮಾತು ಹುಡುಗರಿಗೆ. ಡೇರಿ ಅಂದರೆ ಅಪ್ಪ ಅಮ್ಮನ ಕೆಲಸ ಅಂತ ತಿಳಿಯಬೇಡಿ. ಯಂತ್ರ, ಕಂಪ್ಯೂಟರು, ಲೆಕ್ಕ ಪರಿಶೋಧನೆ ಎಲ್ಲ ಈಗ ನಿಮ್ಮ ಕೈಗೆ ಸಲೀಸು. ಪಾಳಿ ಕೆಲಸ ಮುಗಿಸಿ ಬಂದು ತಿಂಗಳಿಗೆ ಒಂದು ಗಂಟೆ ಸಂಘದ ಲೆಕ್ಕ ನ��ಡಿ ಕೊಟ್ಟರೂ ಅದು ಮುಯ್ಯಾಳೇ. ರಾಗಿ ಕೊಯ್ಲಿಗೆ ಬಂದಷ್ಟೇ ಪುಣ್ಯ.

2025ನೇ ವರ್ಷವನ್ನು ವಿಶ್ವಸಂಸ್ಥೆಯವರು ಅಂತಾರಾಷ್ಟ್ರೀಯ ಸಹಕಾರ ವರ್ಷ ಅಂತ ಆಚರಿಸಿದರು. ದೊಡ್ಡ ದೊಡ್ಡ ಊರುಗಳಲ್ಲಿ ದೊಡ್ಡ ಸಭೆ ನಡೆದಿರಬಹುದು. ನಮಗೆ ಸಹಕಾರ ಅಂದರೆ ಇಷ್ಟೇ: ಬೆಳಗ್ಗೆ ಆರು ಗಂಟೆಗೆ ಬಾಗಿಲು ತೆಗೆಯಬೇಕು, ಅಳತೆ ಸರಿ ಇರಬೇಕು, ಸಾಲಿನಲ್ಲಿ ಯಾರೂ ಯಾರನ್ನೂ ಹಿಂದಕ್ಕೆ ತಳ್ಳಬಾರದು. ಈ ಮೂರನ್ನು 25 ವರ್ಷ ನಡೆಸಿಕೊಂಡು ಬಂದ ಹಿರಿಯರಿಗೆ, ಹಾಲು ಅಳೆದು ಅಳೆದು ಬೆನ್ನು ಬಗ್ಗಿದ ಸಿಬ್ಬಂದಿಯವರಿಗೆ, ಮಳೆ ಚಳಿ ಅನ್ನದೆ ಹಾಲು ತಂದ ತಾಯಂದಿರಿಗೆ ನನ್ನ ಕೈ ಮುಗಿದ ನಮಸ್ಕಾರ.

ಮುಂದೆ ಈ ಊರನ್ನು ಪಟ್ಟಣ ಅನ್ನಲಿ, ನಗರ ಅನ್ನಲಿ, ವಾರ್ಡ್ ನಂಬರು ಇಷ್ಟು ಅನ್ನಲಿ, ಸರ್ಕಾರದವರು ಏನು ಬೇಕಾದರೂ ಅನ್ನಲಿ. ಕ್ಯಾನು ಹಿಡಿದು ನಾಲ್ಕು ಜನ ಸಾಲಾಗಿ ನಿಂತು, 'ಏನಕ್ಕ, ಹಸು ಈಯಿತಾ?' ಅಂತ ಒಬ್ಬರನ್ನೊಬ್ಬರು ಕೇಳುವ ತನಕ ಇದು ಕಡಕೊಳ. ಸುವರ್ಣ ಮಹೋತ್ಸವಕ್ಕೆ ನಮ್ಮಲ್ಲಿ ಕೆಲವರು ಇರುತ್ತೇವೆ, ಕೆಲವರು ಇರೋದಿಲ್ಲ. ಸಾಲು ಇರಬೇಕು. ಅದನ್ನು ಉಳಿಸುವುದು ಈ ಸಭೆಯಲ್ಲಿ ಕೂತಿರುವ ಪ್ರತಿಯೊಬ್ಬ ಸದಸ್ಯರ ಕೈಯಲ್ಲಿದೆ.

  ಊಟ ಆರುವ ಮೊದಲು ಮಾತು ಮುಗಿಸ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.